ನೀಲಿ ಕಾರಿನ ಮೇಲೆ ಹಳದಿ ಡೀಕಾಲ್ ಮಾಯ ಆಗೋದು ಯಾಕೆ? ಮನೇಲೇ ಡೀಕಾಲ್ ಪ್ರಿಂಟ್ ಮಾಡೋರಿಗೆ

ಪ್ರಶ್ನೆ: ನಮಸ್ಕಾರ ಸರ್, ನಾನು ಧಾರವಾಡದವನು. ನನ್ನ ಹತ್ರ 1/24 ಸ್ಕೇಲಿನ ಸುಬಾರು ಇಂಪ್ರೆಝಾ ರ‍್ಯಾಲಿ ಕಾರಿನ ಹಳೇ ಮಾಡೆಲ್ ಕಿಟ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರ ಡೀಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸೋ ತೆಳು ಸ್ಟಿಕರ್) ಶೀಟ್ ಹಳದಿ ತಿರುಗಿದೆ, ಒಂದನ್ನ ನೀರಿಗೆ ಹಾಕಿದ್ರೆ ಚೂರುಚೂರಾಯ್ತು, ಮೇಲಾಗಿ ಕಾರಿನ ಪಕ್ಕದಲ್ಲಿ ಬರೋ 555 ಆ ಶೀಟಲ್ಲಿ ಇಲ್ಲವೇ ಇಲ್ಲ. ಟ್ರಾನ್ಸ್‌ಪರೆಂಟ್ ಡೀಕಾಲ್ ಪೇಪರ್ ತರಿಸಿ ಮನೆಯ ಇಂಕ್ ಟ್ಯಾಂಕ್ ಪ್ರಿಂಟರಲ್ಲಿ ಪ್ರಿಂಟ್ ಮಾಡಿದೆ. ನೀರಿಗೆ ಹಾಕಿದ ಕೂಡ್ಲೆ ಬಣ್ಣ ಬಿಟ್ಕೊಂಡ್ತು, ಹೇಗೋ ಉಳಿದ ಒಂದು ಹಳದಿ ಅಂಕಿ ನೀಲಿ ಬಾಡಿ ಮೇಲೆ ಕಾಣಿಸ್ತಾನೇ ಇಲ್ಲ. ಜೊತೆಗೆ 1/43 ಅಂಬಾಸಡರ್ ಒಂದಕ್ಕೆ ಕೆಎ 25 ನಂಬರ್ ಪ್ಲೇಟು, ಹಿಂದಿನ ಗ್ಲಾಸ್ ಮೇಲೆ "ತಾಯಿಯ ಆಶೀರ್ವಾದ" ಅಂತ ಹಾಕ್ಬೇಕು. ಇದೆಲ್ಲ ಮನೇಲಿ ಆಗೋ ಕೆಲಸಾನಾ?

ಉತ್ತರ: ಆಗೋ ಕೆಲಸವೇ, ಧೈರ್ಯವಾಗಿ ಮಾಡಿ. ನಿಮ್ಮ ಪ್ರಿಂಟರೂ ಸರಿ ಇದೆ, ಪೇಪರೂ ಸರಿ ಇದೆ. ಬಣ್ಣ ಬಿಟ್ಕೊಂಡಿದ್ದು ಮೇಲೆ ಪಾರದರ್ಶಕ ಪದರ ಹೊಡೆದು ಸೀಲ್ ಮಾಡದೆ ನೀರಿಗೆ ಹಾಕಿದ್ದಕ್ಕೆ, ಅದನ್ನ ಒಂದು ಸ್ಪ್ರೇ ಡಬ್ಬಿ ಸರಿ ಮಾಡತ್ತೆ. ಹಳದಿ ಮಾಯ ಆಗಿದ್ದು ಮಾತ್ರ ಸ್ವಲ್ಪ ಆಳದ ವಿಷಯ, ಹೊಸದಾಗಿ ಡೀಕಾಲ್ ಮಾಡೋರು ಹೆಚ್ಚಾಗಿ ಎಡವೋದು ಅಲ್ಲೇ, ಅದಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ.

ಮನೆಯ ಪ್ರಿಂಟರಲ್ಲಿ ಬಿಳಿ ಇಂಕ್ ಇರಲ್ಲ. ಸಯಾನ್, ಮಜೆಂಟಾ, ಹಳದಿ, ಕಪ್ಪು, ಇಷ್ಟೇ. ನಾವು ಪ್ರಿಂಟಲ್ಲಿ ನೋಡೋ ಬಿಳಿ ಎಲ್ಲ ಕಾಗದದ್ದು, ಇಂಕ್ ಬೀಳದೆ ಬಿಟ್ಟ ಜಾಗ. ಅಷ್ಟೇ ಅಲ್ಲ, ಉಳಿದ ಬಣ್ಣಗಳೂ ಪಾರದರ್ಶಕ, ಬೆಳಕು ಇಂಕ್ ದಾಟಿ ಕೆಳಗಿನ ಬಿಳಿ ಕಾಗದಕ್ಕೆ ಬಡಿದು ವಾಪಸ್ ಬಂದಾಗಲೇ ನಮಗೆ ಹಳದಿ ಹಳದಿಯಾಗಿ ಕಾಣೋದು. ಟ್ರಾನ್ಸ್‌ಪರೆಂಟ್ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಗಾಢ ನೀಲಿ ಬಾಡಿ ಮೇಲೆ ಇಟ್ರೆ ಕೆಳಗಡೆ ಬಿಳಿ ಇಲ್ಲ, ಬೆಳಕನ್ನ ನೀಲಿ ಪೇಂಟ್ ನುಂಗಿಬಿಡತ್ತೆ, ಹಳದಿ ಇದ್ದ ಜಾಗದಲ್ಲಿ ಒಂದು ಕೊಳಕು ಹಸಿರು ನೆರಳು ಉಳಿಯತ್ತೆ ಅಷ್ಟೆ. ಇಂಕ್ ಜಾಸ್ತಿ ಸುರಿದ್ರೂ, ಎರಡು ಸಲ ಪ್ರಿಂಟ್ ಹೊಡೆದ್ರೂ ಇದು ಸರಿ ಹೋಗಲ್ಲ. ಹಾಗಾಗಿ ಯಾವ ಡೀಕಾಲ್ ಮಾಡೋಕೆ ಕೂತ್ರೂ ಕಂಪ್ಯೂಟರ್ ಆನ್ ಮಾಡೋ ಮುಂಚೆ ಕೇಳ್ಕೋಬೇಕಾದ್ದು ಒಂದೇ: ಇದಕ್ಕೆ ಬಿಳಿ ಎಲ್ಲಿಂದ ಬರತ್ತೆ? ಬಾಡಿಯೇ ಬಿಳಿ ಅಥವಾ ತೀರಾ ತಿಳಿ ಬಣ್ಣ ಇದ್ರೆ ಬಾಡಿಯಿಂದ ಬರತ್ತೆ, ಆಗ ಟ್ರಾನ್ಸ್‌ಪರೆಂಟ್ ಪೇಪರ್ ಸಾಕು. ಕಪ್ಪು ಅಕ್ಷರ ಇದ್ರೆ ಬಿಳಿಯ ಚಿಂತೆಯೇ ಇಲ್ಲ, ಕೆಂಪು ಅಥವಾ ಹಳದಿ ಬಾಡಿ ಮೇಲೂ ಚೆನ್ನಾಗೇ ಕಾಣತ್ತೆ. ಗಾಢ ಬಾಡಿ ಮೇಲೆ ತಿಳಿ ಬಣ್ಣ ಬೇಕಾದ್ರೆ ಬಿಳಿಯನ್ನ ನಾವೇ ತಂದು ಕೂರಿಸ್ಬೇಕು, ಬಿಳಿ ಡೀಕಾಲ್ ಪೇಪರಿಂದಲೋ ಪೇಂಟಿಂದಲೋ.

ಹಿಂದೆ ಜಪಾನಿನ ಆಲ್ಪ್ಸ್ ಕಂಪನಿಯ ಎಂಡಿ ಸೀರೀಸ್ ಪ್ರಿಂಟರ್‌ಗಳಲ್ಲಿ ಬಿಳಿ, ಗೋಲ್ಡ್, ಸಿಲ್ವರ್ ರಿಬ್ಬನ್ ಹಾಕಬಹುದಿತ್ತು, ಮಾಡೆಲ್ ಕಟ್ಟೋರು ಅದನ್ನ ಪೂಜೆ ಮಾಡೋದೊಂದು ಬಾಕಿ, ಆದ್ರೆ ಅದು ನಿಂತು ವರ್ಷಗಳೇ ಆದ್ವು. ಈಗ ಓಕಿಯಂಥ ಕಂಪನಿಗಳ ಬಿಳಿ ಟೋನರ್ (ಲೇಸರ್ ಪ್ರಿಂಟರಿನ ಬಣ್ಣದ ಪುಡಿ) ಪ್ರಿಂಟರ್ ಇದೆ, ಒಂದೆರಡು ಕಾರಿಗೋಸ್ಕರ ಮನೆಗೆ ತರೋ ಬೆಲೆಯಲ್ಲ. ಸಣ್ಣ ಸಣ್ಣ ಬಿಳಿ ಅಕ್ಷರಗಳು ತುಂಬಾ ಇರೋ ಶೀಟ್ ಬೇಕು ಅಂದ್ರೆ ಅಂಥ ಮೆಶೀನ್ ಇಟ್ಕೊಂಡಿರೋರ ಹತ್ರ ಮಾಡಿಸೋದೇ ಸರಿ.

ಈಗ ನಿಮ್ಮ 555. ಇದು ನಿಮ್ಮ ಶೀಟಲ್ಲಿ ಇಲ್ಲದೆ ಇರೋದು ಪ್ರಿಂಟಿಂಗ್ ತಪ್ಪಲ್ಲ, ಅದು ಸಿಗರೇಟ್ ಬ್ರಾಂಡ್. ತಂಬಾಕು ಜಾಹೀರಾತಿನ ನಿರ್ಬಂಧಗಳಿಂದಾಗಿ ಕಿಟ್ ಕಂಪನಿಗಳು ಎಷ್ಟೋ ರ‍್ಯಾಲಿ, ಫಾರ್ಮುಲಾ ಒನ್ ಕಾರುಗಳ ಶೀಟಿಂದ ಸಿಗರೇಟ್ ಹೆಸರುಗಳನ್ನ ಬಿಟ್ಟುಬಿಡ್ತಾವೆ. 1995ರಲ್ಲಿ ಕಾಲಿನ್ ಮೆಕ್ರೇ ವರ್ಲ್ಡ್ ಚಾಂಪಿಯನ್ ಆದ ಕಾರು ಇದೇ ನೀಲಿ ಇಂಪ್ರೆಝಾ, ಹಳದಿ 555, ಗೋಲ್ಡ್ ವೀಲು, ಆ ಅಂಕಿ ಇಲ್ಲದೆ ಆ ಕಾರು ಬೋಳು ಬೋಳು ಕಾಣತ್ತೆ, ಅದಕ್ಕೆ ನಿಮಗೆ ಅದು ಬೇಕೇ ಬೇಕು ಅನ್ಸಿರೋದು ನನಗೆ ಪೂರ್ತಿ ಅರ್ಥ ಆಗತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ ಆ 555ಗೆ ಪ್ರಿಂಟರೇ ಬೇಡ. ಒಂದೇ ಬಣ್ಣ, ದಪ್ಪ ಗೆರೆ, ದೊಡ್ಡ ಅಂಕಿ, ಇಂಥದ್ದು ಪೇಂಟಲ್ಲಿ ಬಂದ ಹಾಗೆ ಯಾವ ಇಂಕ್‌ಜೆಟ್ಟಲ್ಲೂ ಬರಲ್ಲ. ಬೈಕ್ ನಂಬರ್ ಪ್ಲೇಟಿಗೆ ರೇಡಿಯಂ ಕಟಿಂಗ್ ಮಾಡೋ ಅಂಗಡಿಗೆ ಹೋಗಿ, ಅವರ ಹತ್ರ ಕಟಿಂಗ್ ಪ್ಲಾಟರ್ (ಕಂಪ್ಯೂಟರ್ ಡ್ರಾಯಿಂಗ್ ನೋಡಿ ಸ್ಟಿಕರ್ ಕತ್ತರಿಸೋ ಮೆಶೀನ್) ಇರತ್ತೆ. ನಿಮ್ಮ ಡ್ರಾಯಿಂಗ್ ಕೊಟ್ಟು ಅವರಲ್ಲಿರೋ ತೀರಾ ತೆಳ್ಳಗಿನ ವಿನೈಲಲ್ಲಿ ಕತ್ತರಿಸಿ ಕೊಡಿ ಅನ್ನಿ, ಅಂಕಿ ತೆಗೆದು ಸುತ್ತಲಿನ ಭಾಗ ಉಳಿಸ್ಕೊಳ್ಳಿ, ಅದೇ ನಿಮ್ಮ ಸ್ಟೆನ್ಸಿಲ್. ಬಾಡಿಯ ನೀಲಿ ಪೂರ್ತಿ ಒಣಗಿದ ಮೇಲೆ ಅದನ್ನ ಅಂಟಿಸಿ, ಅಂಚುಗಳನ್ನ ಉಗುರಿಂದ ಚೆನ್ನಾಗಿ ಒತ್ತಿ. ಮೊದಲ ಕೋಟ್ ಹಳದಿ ಬೇಡ, ಬಿಳೀನೂ ಬೇಡ, ಬಾಡಿಯ ಅದೇ ನೀಲಿಯನ್ನೇ ತೆಳ್ಳಗೆ ಒಂದು ಸಲ ಹೊಡೀರಿ. ಅಂಚಿನ ಕೆಳಗೆ ಎಲ್ಲಾದ್ರೂ ಸಂದು ಇದ್ರೆ ಅದರೊಳಗೆ ನೀಲಿ ನುಗ್ಗಿ ಮುಚ್ಕೊಳ್ಳತ್ತೆ, ನೀಲಿ ಮೇಲೆ ನೀಲಿ ಸೋರಿದ್ರೆ ಯಾರಿಗೂ ಕಾಣಲ್ಲ. ಅದು ಒಣಗಿದ ಮೇಲೆ ಬಿಳಿ, ಆಮೇಲೆ ಹಳದಿ, ಎಲ್ಲಾ ತೆಳು ಕೋಟ್. ಪೇಂಟ್ ಇನ್ನೂ ಪೂರ್ತಿ ಗಟ್ಟಿ ಆಗದೆ ಇರೋವಾಗಲೇ ವಿನೈಲನ್ನ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೀರಿ. ಚಾಕುವಿಂದ ಕೊರೆದ ಹಾಗೆ ಚೂಪಾದ ಅಂಚು ಬರತ್ತೆ.

ಅಂಗಡಿಗೆ ಕೊಡೋ ಡ್ರಾಯಿಂಗಿಗೆ ಅಳತೆ ಬೇಕಲ್ಲ, ಕಣ್ಣಳತೆಗೆ ಬಿಡಬೇಡಿ. ಡೋರಿನ ಮೇಲೆ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಅಂಟಿಸಿ, ಡೋರ್ ಗೆರೆ, ವೀಲ್ ಆರ್ಚ್, ಹ್ಯಾಂಡಲ್ ಇವುಗಳ ಮೇಲೆ ಪೆನ್ಸಿಲನ್ನ ಮಲಗಿಸಿ ಉಜ್ಜಿದ್ರೆ ಗೆರೆಗಳೆಲ್ಲ ಟೇಪ್ ಮೇಲೆ ಮೂಡ್ತಾವೆ. ಟೇಪನ್ನ ಎಳೆದು ಹಿಗ್ಗಿಸದೆ ಬಿಡಿಸಿ ಗ್ರಾಫ್ ಶೀಟ್ ಮೇಲೆ ಅಂಟಿಸಿ, 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಗ್ರಾಫಿನ ಮಿಲಿಮೀಟರ್ ಚೌಕಗಳೇ ಅಳತೆ ಪಟ್ಟಿ ಆಗ್ತಾವೆ, ಬಾಡಿಯ ಉಬ್ಬುತಗ್ಗೂ ಲೆಕ್ಕಕ್ಕೆ ಸಿಕ್ಕಿಬಿಡತ್ತೆ. ಇದನ್ನ ಇಂಕ್‌ಸ್ಕೇಪಲ್ಲಿ ತೆರೆದು ಅದರ ಮೇಲೇ ಡಿಸೈನ್ ಬರೀರಿ, ಅದು ಉಚಿತ ಸಾಫ್ಟ್‌ವೇರ್, ವೆಕ್ಟರ್ (ಚುಕ್ಕೆ ಬದಲು ಗೆರೆಗಳ ಲೆಕ್ಕದಲ್ಲಿ ಇರೋ ಚಿತ್ರ) ಆದ್ದರಿಂದ ಎಷ್ಟು ಚಿಕ್ಕದು ಮಾಡಿದ್ರೂ ಅಂಚು ಕೆಡಲ್ಲ. ಪ್ರಿಂಟ್ ಕೊಡೋವಾಗ ಫಿಟ್ ಟು ಪೇಜ್ ಅನ್ನೋದನ್ನ ತೆಗೆದು ನೂರು ಪರ್ಸೆಂಟಿಗೆ ಇಡಿ, ಮೊದಲು ಸಾದಾ ಕಾಗದದಲ್ಲಿ ಹೊಡೆದು ಕತ್ತರಿಸಿ ಕಾರಿಗೆ ಹಿಡಿದು ನೋಡಿ. ದುಬಾರಿ ಪೇಪರ್ ಆಮೇಲೆ.

ಉಳಿದ ಚಿಕ್ಕ ಸ್ಪಾನ್ಸರ್ ಸ್ಟಿಕರುಗಳಿಗೆ ನಿಮ್ಮ ಹಳೇ ಶೀಟನ್ನ ಇನ್ನೂ ಕೈ ಬಿಡಬೇಡಿ. ಅದು ಕಂಪನಿಯವರು ಬಿಳಿ ಇಂಕಿನ ಸಮೇತ ಪ್ರಿಂಟ್ ಮಾಡಿದ್ದು, ನಾವು ಮನೇಲಿ ಏನೇ ಮಾಡಿದ್ರೂ ಆ ಸಣ್ಣ ಅಕ್ಷರಗಳ ಮಟ್ಟಕ್ಕೆ ಬರಲ್ಲ. ಬೇರೇನು ಮಾಡೋ ಮುಂಚೆ ಅದನ್ನ ಸ್ಕ್ಯಾನ್ ಮಾಡಿಟ್ಕೊಳ್ಳಿ. ಆಮೇಲೆ ಗಾಳಿಯಾಡದ ಜಿಪ್ ಕವರಲ್ಲಿ ಹಾಕಿ, ಮುಖ ಹೊರಗೆ ಮಾಡಿ ಬಿಸಿಲು ಬೀಳೋ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿ, ಫಿಲ್ಮ್ ಹಳದಿ ತಿರುಗಿರೋದನ್ನ ಬಿಸಿಲೇ ಬಿಳುಪು ಮಾಡತ್ತೆ, ಪೂರ್ತಿ ಹೋಗದಿದ್ರೂ ಕಣ್ಣಿಗೆ ಕಾಣೋಷ್ಟು ಕಮ್ಮಿ ಆಗತ್ತೆ. ಚೂರಾಗೋದಕ್ಕೆ ಮದ್ದು ಮೇಲಿಂದ ಹೊಸ ಫಿಲ್ಮ್ ಹಾಕೋದು. ಮೈಕ್ರೋಸ್ಕೇಲ್ ಕಂಪನಿಯ ಲಿಕ್ವಿಡ್ ಡೀಕಾಲ್ ಫಿಲ್ಮ್ ಇದಕ್ಕಂತಲೇ ಇದೆ, ಬ್ರಶ್ಶಲ್ಲಿ ಹಚ್ಚೋದು, ಸಿಗದಿದ್ರೆ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಸ್ಪ್ರೇ ತೆಳ್ಳಗೆ. ಆದ್ರೆ ಒಂದು ವಿಷಯ, ಹಾಗೆ ಮಾಡಿದ ಮೇಲೆ ಇಡೀ ಶೀಟು ಒಂದೇ ಫಿಲ್ಮ್ ಆಗಿರತ್ತೆ, ಒಂದೊಂದನ್ನೂ ಅದರ ಆಕಾರಕ್ಕೆ ಹತ್ತಿರದಲ್ಲೇ ಕತ್ತರಿಸ್ಕೋಬೇಕು. ಮೊದಲು ಬೇಡದ ಒಂದು ತುಂಡನ್ನ ನೀರಿಗೆ ಹಾಕಿ ಪರೀಕ್ಷೆ ಮಾಡಿ.

ಹೊಸದಾಗಿ ಪ್ರಿಂಟ್ ಮಾಡಲೇಬೇಕಾದ್ದಕ್ಕೆ ಈಗ ಬರ್ತೀನಿ. ನಿಮ್ಮದು ಇಂಕ್‌ಜೆಟ್, ಈ ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಕಲರ್ ಇಂಕ್ ಬಹುಪಾಲು ಡೈ, ನೀರಲ್ಲಿ ಕರಗೋ ಬಣ್ಣ. ಅದನ್ನ ಸೀಲ್ ಮಾಡದೆ ನೀರಿಗೆ ಹಾಕಿದ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೇ. ಪ್ರಿಂಟ್ ಆದ ಮೇಲೆ ಒಂದು ರಾತ್ರಿ ಧೂಳು ಬೀಳದ ಕಡೆ ಒಣಗೋಕೆ ಬಿಡಿ, ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಹಸಿ ಇರತ್ತೆ. ಆಮೇಲೆ ಕ್ಲಿಯರ್ ಸ್ಪ್ರೇ. ಇಲ್ಲಿ ಅವಸರ ಮಾಡಿದೋರದ್ದೇ ಕೆಡೋದು, ಮೊದಲನೇ ಕೋಟೇ ದಪ್ಪಗೆ ಹೊಡೆದ್ರೆ ಲ್ಯಾಕರಿನ ದ್ರಾವಕಕ್ಕೂ ಇಂಕ್ ಹರಡತ್ತೆ. ಒಂದಡಿ ದೂರದಿಂದ ಮಂಜು ಬಿದ್ದ ಹಾಗೆ, ಹೊಳಪೇ ಬರದಷ್ಟು ತೆಳ್ಳಗೆ ಒಂದೆರಡು ಸಲ, ಮಧ್ಯೆ ಒಣಗೋಕೆ ಟೈಮ್ ಕೊಟ್ಟು, ಕೊನೆಗೆ ಮಾತ್ರ ಸ್ವಲ್ಪ ಹೊಳಪು ಬರೋ ಹಾಗೆ ಒಂದು ಕೋಟ್. ತುಂಬಾ ದಪ್ಪ ಆದ್ರೂ ಕಷ್ಟ, ಡೀಕಾಲ್ ನೀರಲ್ಲಿ ಸುರುಳಿ ಸುತ್ಕೊಳ್ಳತ್ತೆ, ಬಾಡಿಯ ಗೆರೆಗಳೊಳಗೆ ಇಳಿಯಲ್ಲ. ಮೂಲೆಯಲ್ಲಿ ಒಂದು ಬಣ್ಣದ ಚೌಕ ಪ್ರಿಂಟ್ ಮಾಡಿಟ್ಟಿದ್ರೆ ಅದನ್ನ ಒದ್ದೆ ಇಯರ್ ಬಡ್ಡಲ್ಲಿ ಉಜ್ಜಿ ನೋಡಿ, ಇಯರ್ ಬಡ್ ಹತ್ತಿಗೆ ಬಣ್ಣ ಹತ್ತದಿದ್ರೆ ಸೀಲ್ ಆಗಿದೆ ಅಂತ. ಮತ್ತೆ, ಮಳೆ ಹಿಡಿದಿರೋ ದಿನ ಲ್ಯಾಕರ್ ಹೊಡೀಬೇಡಿ, ನಿಮ್ಮ ಕಡೆ ಜುಲೈ ಹೇಗಿರತ್ತೆ ನಿಮಗೇ ಗೊತ್ತು, ಗಾಳಿಯ ತೇವ ಲ್ಯಾಕರಲ್ಲಿ ಸಿಕ್ಕಿ ಬಿಳಿ ಪೊರೆ ಕಟ್ಕೊಳ್ಳತ್ತೆ.

ಸೀಲ್ ಆದ ಮೇಲೂ ಕತ್ತರಿಸೋ ಅಂಚು ಇಂಕಿನ ಮೇಲೇ ಹೋದ್ರೆ ಆ ಅಂಚು ತೆರೆದಿರತ್ತೆ, ಅಲ್ಲಿಂದ ನೀರು ನುಗ್ಗಿ ಬಣ್ಣ ಎಳೀತದೆ. ಟ್ರಾನ್ಸ್‌ಪರೆಂಟ್ ಪೇಪರಲ್ಲಿ ಡಿಸೈನ್ ಸುತ್ತ ಅರ್ಧದಿಂದ ಒಂದು ಮಿಲಿಮೀಟರ್ ಖಾಲಿ ಬಿಟ್ಟು ಕತ್ತರಿಸಿ. ಬಿಳಿ ಪೇಪರಲ್ಲಿ ಹಾಗೆ ಬಿಟ್ರೆ ಸುತ್ತ ಬಿಳಿ ಗೆರೆ ಕಾಣತ್ತೆ, ಆದ್ದರಿಂದ ಗೆರೆಗೇ ಕತ್ತರಿಸಿ, ಕತ್ತರಿಸಿದ ಅಂಚಿಗೆ ಸಣ್ಣ ಬ್ರಶ್ಶಲ್ಲಿ ಮತ್ತೆ ಕ್ಲಿಯರ್ ಮುಟ್ಟಿಸಿ. ಬ್ಲೇಡ್ ಹೊಸದಿರಲಿ.

ಗಾಢ ಬಾಡಿ ಮೇಲೆ ಕತ್ತರಿಸೋಕೆ ಕಷ್ಟ ಆಗೋ ಆಕಾರದ ಲೋಗೋ ಇದ್ರೆ ಎರಡು ಪದರದ ಉಪಾಯ ಇದೆ. ಏನೂ ಪ್ರಿಂಟ್ ಮಾಡದ ಬಿಳಿ ಡೀಕಾಲ್ ಪೇಪರಲ್ಲಿ ಲೋಗೋಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಒಂದು ತುಂಡು ಕತ್ತರಿಸಿ ಅಂಟಿಸೋದು, ಒಂದು ದಿನ ಒಣಗೋಕೆ ಬಿಟ್ಟು ಅದರ ಮೇಲೆ ಟ್ರಾನ್ಸ್‌ಪರೆಂಟ್ ಪೇಪರಿನ ಬಣ್ಣದ ಲೋಗೋ ಕೂರಿಸೋದು. ದುಂಡಗಿನ, ಚೌಕದ, ಮೊಟ್ಟೆಯಾಕಾರದ ಲೋಗೋಗೆ ಇದು ಬಹಳ ಚೆಂದ ಬರತ್ತೆ. ಬಿಡಿ ಬಿಡಿ ಅಕ್ಷರಕ್ಕೆ ಇದು ಬೇಡ, ಜೋಡಿಸೋಕಾಗಲ್ಲ.

ಕಲರ್ ಲೇಸರ್ ಬೇಕು ಅನ್ಸಿದ್ರೆ ಝೆರಾಕ್ಸ್ ಅಂಗಡಿಯವರ ಹತ್ರ ಮಾಡಿಸ್ಬಹುದು, ಟೋನರ್ ಪ್ಲಾಸ್ಟಿಕ್ ಆದ್ದರಿಂದ ನೀರಿಗೆ ಹೆದರಲ್ಲ, ಒಂದು ತೆಳು ಕ್ಲಿಯರ್ ಸಾಕು. ಆದ್ರೆ ಪೇಪರ್ ಲೇಸರ್‌ದ್ದೇ ಆಗಿರಬೇಕು. ನಿಮ್ಮ ಹತ್ರ ಇರೋ ಇಂಕ್‌ಜೆಟ್ ಡೀಕಾಲ್ ಪೇಪರನ್ನ ಯಾವ ಕಾರಣಕ್ಕೂ ಲೇಸರ್ ಮೆಶೀನಿಗೆ ಹಾಕಿಸ್ಬೇಡಿ, ಅದರ ಕೋಟಿಂಗ್ ಬಿಸಿ ಫ್ಯೂಸರಿಗೆ (ಟೋನರನ್ನ ಕಾಯಿಸಿ ಅಂಟಿಸೋ ರೋಲರ್) ಕರಗಿ ಅಂಟಿದ್ರೆ ಪಾಪ ಅಂಗಡಿಯವರ ಮೆಶೀನ್ ಹಾಳು. ಏನು ಪೇಪರ್ ಅಂತ ಅವರಿಗೆ ಮೊದಲೇ ಹೇಳಿ, ಒಪ್ಪಿದ್ರೆ ಮಾತ್ರ ಕೊಡಿ.

ಅಂಟಿಸೋದಕ್ಕೆ ಬಾಡಿ ನುಣ್ಣಗೆ ಹೊಳೀತಿರಬೇಕು. ಮ್ಯಾಟ್ ಪೇಂಟ್ ಮೇಲೆ ನೇರ ಅಂಟಿಸಿದ್ರೆ ಆ ತರಿತರಿಯ ಸಂದಿನಲ್ಲಿ ಗಾಳಿ ಸಿಕ್ಕಿ ಡೀಕಾಲ್ ಕೆಳಗೆ ಬೆಳ್ಳಿ ಹುಡಿ ಇದ್ದ ಹಾಗೆ ಕಾಣತ್ತೆ, ಮ್ಯಾಟೇ ಬೇಕು ಅಂದ್ರೂ ಮೊದಲು ಹೊಳಪಿನ ಕ್ಲಿಯರ್ ಹೊಡೆದು ಡೀಕಾಲ್ ಹಾಕಿ ಆಮೇಲೆ ಮ್ಯಾಟ್ ಮಾಡ್ಕೊಳ್ಳಿ. ಉಗುರುಬೆಚ್ಚಗಿನ ನೀರಿಗೆ ಹತ್ತಿಪ್ಪತ್ತು ಸೆಕೆಂಡ್ ಅದ್ದಿ ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಇಡಿ, ಕಾಗದಕ್ಕೂ ಫಿಲ್ಮಿಗೂ ಮಧ್ಯೆ ಇರೋ ಅಂಟು ತಾನಾಗೇ ಸಡಿಲ ಆಗತ್ತೆ, ನೀರಲ್ಲೇ ನೆನೆಹಾಕಿ ಬಿಟ್ರೆ ಅಂಟೆಲ್ಲ ತೊಳೆದು ಹೋಗತ್ತೆ. ಎತ್ತಿ ಇಡೋ ಕೆಲಸ ಮಾಡ್ಬೇಡಿ, ಕಾಗದ ಸಮೇತ ಜಾಗದ ಪಕ್ಕ ಹಿಡಿದು ಬ್ರಶ್ಶಿಂದ ಜಾರಿಸಿ. ಮೈಕ್ರೋ ಸಾಲ್, ಮಿಸ್ಟರ್ ಮಾರ್ಕ್ ಸಾಫ್ಟರ್ ಥರದ, ಡೀಕಾಲನ್ನ ಮೆತ್ತಗೆ ಮಾಡಿ ಬಾಡಿಗೆ ಕೂರಿಸೋ ಸೊಲ್ಯೂಷನ್‌ಗಳನ್ನ ಮನೇಲಿ ಮಾಡಿದ ಡೀಕಾಲ್ ಮೇಲೆ ನೇರ ಹಾಕಬೇಡಿ, ಒಂದು ವೇಸ್ಟ್ ತುಂಡಿನ ಮೇಲೆ ಹಾಕಿ ನೋಡಿ, ನಿಮ್ಮ ಕ್ಲಿಯರ್ ಯಾವುದು ಅನ್ನೋದರ ಮೇಲೆ ಅದು ಮೆತ್ತಗಾಗಲೂಬಹುದು, ಸುಕ್ಕಾಗಿ ಹೋಗಲೂಬಹುದು. ನೀರು ಬೆರೆಸಿದ ಬಿಳಿ ವಿನೆಗರ್ ಅಷ್ಟು ಜೋರಿಲ್ಲ, ಸಾದಾ ಬಾಗಿಗೆ ಸಾಕಾಗತ್ತೆ. ಮರುದಿನ ಒದ್ದೆ ಬಟ್ಟೆಯಲ್ಲಿ ಅಂಟಿನ ಕಲೆ ಒರೆಸಿ ಮೇಲಿಂದ ಕ್ಲಿಯರ್, ಅದೂ ಮತ್ತೆ ಮಂಜಿನ ಹಾಗೇ ಶುರು ಮಾಡಿ. ಕಾರಿನ ಪೇಂಟ್ ಅಂಗಡಿಯ ಟು-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯೋದು) ಹೊಳಪು ಅದ್ಭುತ, ಆದ್ರೆ ಅದರ ಹಾರ್ಡನರಲ್ಲಿ ಐಸೋಸಯನೇಟ್ ಅನ್ನೋ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರತ್ತೆ, ಸರಿಯಾದ ರೆಸ್ಪಿರೇಟರ್, ಗಾಳಿ ಹೊರಗೆ ಹೋಗೋ ವ್ಯವಸ್ಥೆ ಇಲ್ಲದೆ ಮನೇಲಿ ಅದನ್ನ ಮುಟ್ಟಲೇಬೇಡಿ, ಬಟ್ಟೆ ಮಾಸ್ಕ್ ಯಾವ ಉಪಯೋಗಕ್ಕೂ ಬರಲ್ಲ.

ಇನ್ನು ಅಂಬಾಸಡರ್. ನಂಬರ್ ಪ್ಲೇಟ್ ಅಂದ್ರೆ ಬಿಳಿ ಪೇಪರಿಗೆ ಹೇಳಿ ಮಾಡಿಸಿದ ಕೆಲಸ, ಆಕಾರ ಬರೀ ಆಯತ, ಬಿಳಿ ಪುಕ್ಕಟೆ. ನಿಜವಾದ ಕಾರಿನ ಉದ್ದ ಪ್ಲೇಟ್ 500 ಗುಣಿಸು 120 ಮಿಲಿಮೀಟರ್, 43ರಿಂದ ಭಾಗಿಸಿದ್ರೆ 11.6 ಗುಣಿಸು 2.8. ನಿಯಮದ ಪ್ರಕಾರ ಅಕ್ಷರದ ಎತ್ತರ 65, ಗೆರೆ ದಪ್ಪ 10, ಅಂದ್ರೆ ನಿಮ್ಮ ಸ್ಕೇಲಲ್ಲಿ ಎತ್ತರ ಒಂದೂವರೆ ಮಿಲಿಮೀಟರ್, ಗೆರೆ 0.23. 600 ಡಿಪಿಐ ಪ್ರಿಂಟಲ್ಲಿ ಒಂದು ಚುಕ್ಕೆ 0.042 ಮಿಲಿಮೀಟರ್ ಆದ್ದರಿಂದ ಆ ಗೆರೆಗೆ ಐದಾರು ಚುಕ್ಕೆ ಸಿಗತ್ತೆ, ಸಾಕು, ಓದೋಕಾಗತ್ತೆ. ಅದೇ 1/64ಕ್ಕೆ ಇಳಿದ್ರೆ ನಾಲ್ಕು ಚುಕ್ಕೆಯೂ ಸಿಗಲ್ಲ, ಅಲ್ಲಿ ಅಕ್ಷರ ಅಂಚಲ್ಲಿ ಕಿತ್ತುಹೋದ ಹಾಗೆ ಬಂದ್ರೆ ಪ್ರಿಂಟರನ್ನ ಬೈಬೇಡಿ. ಅಕ್ಷರದ ಕಪ್ಪನ್ನ ಬರೀ ಕಪ್ಪು ಇಂಕಲ್ಲೇ ಬರೋ ಹಾಗೆ ಇಡಿ, ನಾಲ್ಕೂ ಬಣ್ಣ ಬೆರೆಸಿ ಕಪ್ಪು ಮಾಡಿದ್ರೆ ಅಂಚಲ್ಲಿ ಬಣ್ಣದ ನೆರಳು ಕಾಣತ್ತೆ.

ಯಾವ ಕಾಲದ ಕಾರು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ. ಕೆಎ ಅನ್ನೋ ಕೋಡ್ ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆ 1989 ಜುಲೈನಲ್ಲಿ ಜಾರಿಯಾದ ಮೇಲೆ, ಅದಕ್ಕೂ ಹಿಂದಿನ ಕಾರು ತೋರಿಸ್ತೀರಾದ್ರೆ ಕೆಎ 25 ಬರೆಯೋ ಹಾಗಿಲ್ಲ. ತೊಂಬತ್ತರ ದಶಕದ ಸ್ವಂತ ಕಾರಾದ್ರೆ ಕಪ್ಪು ಪ್ಲೇಟಲ್ಲಿ ಬಿಳಿ ಅಕ್ಷರ, ಇದಕ್ಕೆ ಬಿಳಿ ಪೇಪರ್ ಮೇಲೆ ಕಪ್ಪು ಆಯತ ಪ್ರಿಂಟ್ ಮಾಡಿ ಅಕ್ಷರದ ಜಾಗ ಖಾಲಿ ಬಿಟ್ರಾಯ್ತು. ಈಗಿನ ಥರ ಬೇಕಾದ್ರೆ ಬಿಳಿ ಮೇಲೆ ಕಪ್ಪು, ಟ್ಯಾಕ್ಸಿ ಆದ್ರೆ ಹಳದಿ ಮೇಲೆ ಕಪ್ಪು. ಎಡಗಡೆ ನೀಲಿ ಅಕ್ಷರದ ಎಚ್‌ಎಸ್‌ಆರ್‌ಪಿ ಹೊಸ ಗಾಡಿಗಳಿಗೆ ಕಡ್ಡಾಯ ಆಗಿದ್ದು 2019 ಏಪ್ರಿಲ್ 1ರಿಂದ, ಅಂಬಾಸಡರ್ ತಯಾರಿಕೆ ನಿಂತಿದ್ದು 2014ರಲ್ಲೇ, ಹಾಗಾಗಿ ಹಳೇ ಕಾರಿಗೆ ಆಮೇಲೆ ಹಾಕಿಸಿದ್ದು ಅಂತ ತೋರಿಸೋದಿದ್ರೆ ಮಾತ್ರ ಅದು ಹೊಂದತ್ತೆ. ಪ್ಲೇಟನ್ನ ನೇರ ಬಂಪರಿಗೆ ಅಂಟಿಸೋ ಬದಲು ತೆಳ್ಳಗಿನ ಪ್ಲಾಸ್ಟಿಕ್ ಶೀಟ್ ತುಂಡಿಗೆ ಅಂಟಿಸಿ ಆಮೇಲೆ ಅದನ್ನ ಕಾರಿಗೆ ಕೂರಿಸಿ, ನಿಜವಾದ ಪ್ಲೇಟಿನ ದಪ್ಪ ಕಾಣತ್ತೆ.

"ತಾಯಿಯ ಆಶೀರ್ವಾದ"ಕ್ಕೆ ಮತ್ತೆ ಅದೇ ಬಿಳಿಯ ಪ್ರಶ್ನೆ. ಗಾಜಿನ ಹಿಂದೆ ಕತ್ತಲೆ, ಟ್ರಾನ್ಸ್‌ಪರೆಂಟ್ ಪೇಪರಲ್ಲಿ ಕೆಂಪಕ್ಷರ ಹಾಕಿದ್ರೆ ಕಪ್ಪಾಗಿ ಕಾಣತ್ತೆ, ಬಿಳಿ ಪೇಪರಲ್ಲಿ ಹಾಕಿದ್ರೆ ಕನ್ನಡದ ಅಕ್ಷರದ ಸುತ್ತ ಆ ಅಳತೆಯಲ್ಲಿ ಯಾರ ಕೈಯಲ್ಲೂ ಕತ್ತರಿಸೋಕಾಗಲ್ಲ. ಗ್ಲಾಸಿನ ಮೇಲ್ಭಾಗಕ್ಕೆ ಬಣ್ಣದ ಪಟ್ಟಿ ಅಂಟಿಸಿ ಅದರಲ್ಲಿ ಬರೆಸೋ ಪದ್ಧತಿ ನಮ್ಮ ಟ್ಯಾಕ್ಸಿಗಳಲ್ಲಿ ಇದ್ದೇ ಇದೆಯಲ್ಲ, ಅದನ್ನೇ ಮಾಡಿ: ಬಿಳಿ ಪೇಪರಲ್ಲಿ ಕೆಂಪು ಅಥವಾ ಹಸಿರು ಪಟ್ಟಿ, ಸುಮಾರು 20 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ, ಅಕ್ಷರದ ಜಾಗ ಖಾಲಿ. ಕತ್ತರಿಸೋದು ಬರೀ ಪಟ್ಟಿ. ಫಾಂಟ್ ದಪ್ಪದ್ದೇ ಇರಲಿ, ಬಲೂ ತಮ್ಮ ಚೆನ್ನಾಗಿ ನಿಲ್ಲತ್ತೆ, ಉಚಿತವಾಗೇ ಸಿಗತ್ತೆ. ಸಪೂರ ಫಾಂಟಲ್ಲಿ ಶೀ ಅಕ್ಷರದ ದೀರ್ಘ, ರ್ವಾದ ಅರ್ಕಾವೊತ್ತು ಎರಡೂ ಸುತ್ತಲಿನ ಕೆಂಪು ಹರಡಿ ಮುಚ್ಚಿಹೋಗ್ತಾವೆ, ಅದಕ್ಕೆ ಅಕ್ಷರಗಳ ಮಧ್ಯೆ ಅಂತರಾನೂ ಸ್ವಲ್ಪ ಜಾಸ್ತಿ ಕೊಡಿ. ಬೇರೆ ಕಡೆ ಪ್ರಿಂಟ್ ಮಾಡಿಸೋದಾದ್ರೆ ಇಂಕ್‌ಸ್ಕೇಪಲ್ಲಿ ಅಕ್ಷರಗಳನ್ನ ಪಾಥ್ (ಬರೀ ಗೆರೆಯ ಆಕಾರ) ಆಗಿ ಬದಲಾಯಿಸಿ ಪಿಡಿಎಫ್ ಮಾಡಿ ತಗೊಂಡು ಹೋಗಿ, ಇಲ್ಲಾಂದ್ರೆ ಅವರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದೆ ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿ ಕೂತಿರತ್ತೆ. ಪಟ್ಟಿ ಅಂಟಿಸಿದ ಮೇಲೆ ಆ ಗ್ಲಾಸಿಗೆ ಲ್ಯಾಕರ್ ಹೊಡೀಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಮಂಜಾಗಿಬಿಡತ್ತೆ, ನೀರು ಆಧಾರದ ಅಕ್ರಿಲಿಕ್ ಹೊಳಪು ವಾರ್ನಿಶ್ಶನ್ನ ಬ್ರಶ್ಶಲ್ಲಿ ಪಟ್ಟಿಯ ಮೇಲಷ್ಟೇ ಎಳೆದುಬಿಡಿ.